ಯಂತ್ರದ ಕೈಗೆ ಸಂಕಲನದ ಕತ್ತರಿ

ಚಲಚ್ಚಿತ್ರದ ಸಂಕಲನವೆಂದರೆ ಒಂದು ಕಾಲದಲ್ಲಿ ಫಿಲ್ಮಿನ ಸುರುಳಿಯನ್ನು ಕತ್ತರಿಸಿ, ಬೇಕಾದ ತುಂಡುಗಳನ್ನು ಅಂಟಿಸುವ ಕೆಲಸವಾಗಿತ್ತು. 1971ರಲ್ಲಿ ಅಮೆರಿಕದಲ್ಲಿ ಬಂದ ಸಿಎಂಎಕ್ಸ್ 600 ಎಂಬ ಯಂತ್ರವು ಈ ಕೆಲಸಕ್ಕೆ ಗಣಕದ ನೆರವನ್ನು ಒದಗಿಸಿತು. ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಮನೆಯ ಗಣಕದಲ್ಲಿಯೇ ವಿಡಿಯೋ ಸಂಕಲನ ಮಾಡಬಲ್ಲನು. ಈಗ ಆ ಶ್ರಮವನ್ನೂ ಕೃತಕ ಬುದ್ಧಿಮತ್ತೆಯ ‘ಏಜೆಂಟ್’, ಅಂದರೆ ನಮ್ಮ ಮಾತನ್ನು ಗ್ರಹಿಸಿ ನಮ್ಮ ಪರವಾಗಿ ಗಣಕವನ್ನು ನಡೆಸುವ ತಂತ್ರಾಂಶ, ವಹಿಸಿಕೊಳ್ಳತೊಡಗಿದೆ. ಈ ಹೊಸ ಸೇವಕನ ಕೈಗೆ ಕತ್ತರಿಯನ್ನು ಯಾವ ಬಗೆಯಲ್ಲಿ ಕೊಡಬೇಕೆಂಬುದು ನಾವು ವಿಚಾರಮಾಡತಕ್ಕ ವಿಷಯ.

ಏಜೆಂಟಿಗೆ ಎರಡು ದಾರಿಗಳುಂಟು. ಮೊದಲನೆಯದು, ತೆರೆಯ ಚಿತ್ರವನ್ನು ನೋಡಿ, ಗುಂಡಿಯಿರುವ ಸ್ಥಳವನ್ನು ಊಹಿಸಿ, ಅಲ್ಲಿ ಮೌಸನ್ನು ಒತ್ತುವುದು. ಕಿಟಕಿಯ ಅಳತೆ ಬದಲಾದರೆ, ಅಥವಾ ಹೊಸ ಆವೃತ್ತಿಯಲ್ಲಿ ಗುಂಡಿಗಳು ಜಾಗ ಬದಲಿಸಿದರೆ, ಈ ಊಹೆ ತಪ್ಪಬಹುದು. ಎರಡನೆಯದು, ಆಜ್ಞೆಯನ್ನು ಹೆಸರು ಹಿಡಿದು ಕರೆಯುವುದು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶವು ಪೈಥಾನ್ ಮತ್ತು ಲುವಾ ಭಾಷೆಗಳಲ್ಲಿ ಬರೆದ ಆದೇಶಗಳನ್ನು ಸ್ವೀಕರಿಸುತ್ತದೆ. ಆದರೆ ಅದರ ಮೆನುವಿನಲ್ಲಿರುವುದೆಲ್ಲವೂ ಆ ದಾರಿಯಲ್ಲಿ ದೊರೆಯುವುದಿಲ್ಲ. ಅಂಥಲ್ಲಿ ಮೆನುವನ್ನೇ ಆಶ್ರಯಿಸಬೇಕಾಗುತ್ತದೆ. ಮ್ಯಾಕ್ ಗಣಕಗಳಲ್ಲಿ ಮೆನುವಿನ ಆಜ್ಞೆಯ ಹೆಸರನ್ನು ಹೇಳಿ, ಬೇರೊಂದು ತಂತ್ರಾಂಶದಿಂದ ಅದನ್ನು ನಡೆಸಲು ಸಾಧ್ಯವಿದೆ. ತೆರೆಯನ್ನು ಕಾಣಲಾರದವರೇ ಮೊದಲಾದವರ ಅನುಕೂಲಕ್ಕಾಗಿ ತೆರೆದ ದ್ವಾರವಿದು. ಕಣ್ಣಿಲ್ಲದ ಮನುಷ್ಯನಿಗೆಂದು ಮಾಡಿದ ದಾರಿ ಇಂದು ಕಣ್ಣಿಲ್ಲದ ಯಂತ್ರಕ್ಕೂ ಒದಗಿದೆ. ಆಜ್ಞೆಯು ಆ ಹೊತ್ತಿಗೆ ಅನ್ವಯಿಸದಿದ್ದರೆ ಮೆನುವಿನಲ್ಲಿ ಅದರ ಹೆಸರು ಮಂಕಾಗಿರುತ್ತದೆ; ಅದನ್ನೂ ಏಜೆಂಟು ಕೇಳಿ ತಿಳಿಯಬಹುದು. ಆದುದರಿಂದ ಊಹೆಯ ದಾರಿಗಿಂತ ಹೆಸರಿನ ದಾರಿಯೇ ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಹೆಸರು ಸರಿಯಾಗಿದ್ದ ಮಾತ್ರಕ್ಕೆ ಕೆಲಸ ಸರಿಯಾಗುವುದಿಲ್ಲ. ‘ಅಳಿಸು’ ಎಂಬ ಆಜ್ಞೆಯಲ್ಲಿ ಏನನ್ನು ಅಳಿಸಬೇಕೆಂಬುದು ಅಡಕವಾಗಿಲ್ಲ. ಆ ಕ್ಷಣದಲ್ಲಿ ಯಾವ ತುಂಡು ಆಯ್ಕೆಯಾಗಿದೆಯೋ ಅದು ಅಳಿಯುತ್ತದೆ. ಊಟದ ಪಂಕ್ತಿಯಲ್ಲಿ ‘ಇನ್ನಷ್ಟು ಬಡಿಸಿ’ ಎಂದರೆ, ಬಡಿಸುವವರ ಕೈಯಲ್ಲಿ ಆಗ ಯಾವ ಪಾತ್ರೆಯಿದೆಯೋ ಅದರಲ್ಲಿರುವುದೇ ಎಲೆಗೆ ಬೀಳುವುದಷ್ಟೆ. ಹೀಗಾಗಿ ಏಜೆಂಟು ಆಜ್ಞೆಗೆ ಮೊದಲು ಸ್ಥಿತಿಯನ್ನೂ, ಆಜ್ಞೆಯ ಅನಂತರ ಫಲವನ್ನೂ ಪರೀಕ್ಷಿಸಲೇಬೇಕು.

ಇಷ್ಟೂ ಸರಿಯಾಗಿ ನಡೆದರೂ ಅನರ್ಥವಾಗಬಹುದು. ಉದಾಹರಣೆಯನ್ನು ಭೌತವಿಜ್ಞಾನದ ಪ್ರಯೋಗಶಾಲೆಯಿಂದಲೇ ತೆಗೆದುಕೊಳ್ಳೋಣ. 1 ಮೀಟರ್ ಉದ್ದದ ಲೋಲಕವು ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2 ಸೆಕೆಂಡು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಚಿತ್ರಗಳಂತೆ ವಿಡಿಯೋ ತೆಗೆದರೆ ಒಂದು ಆಂದೋಲನಕ್ಕೆ 60 ಚಿತ್ರಗಳು. ಇವನ್ನು ಎಣಿಸಿ ಲೆಕ್ಕಹಾಕಿದರೆ ಗುರುತ್ವ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನ ಆಸುಪಾಸಿನಲ್ಲಿ ಬರುತ್ತದೆ.

ಈಗ ಏಜೆಂಟಿಗೆ ‘ಏನೂ ನಡೆಯದ ಭಾಗಗಳನ್ನು ತೆಗೆದುಹಾಕು’ ಎಂದು ಹೇಳಿದೆವೆನ್ನಿ. ಲೋಲಕದ ಗುಂಡು ಎರಡು ತುದಿಗಳಲ್ಲಿಯೂ ಕ್ಷಣಕಾಲ ನಿಂತಂತೆ ತೋರುತ್ತದೆ. ಅಲ್ಲಿನ ಚಿತ್ರಗಳು ಒಂದನ್ನೊಂದು ಬಹುಮಟ್ಟಿಗೆ ಹೋಲುತ್ತವೆ. ಏಜೆಂಟು ಅವನ್ನು ವ್ಯರ್ಥವೆಂದು ಬಗೆದು ಆಂದೋಲನವೊಂದಕ್ಕೆ 15 ಚಿತ್ರಗಳನ್ನು ತೆಗೆಯಿತೆಂದು ಭಾವಿಸೋಣ. ಪ್ರೀಮಿಯರ್ ಎಂಬ ತಂತ್ರಾಂಶದ ಮೆನುವಿನಲ್ಲಿ ಇದಕ್ಕೆ ಎರಡು ಆಜ್ಞೆಗಳಿವೆ. ‘ಕ್ಲಿಯರ್’ ಎಂದರೆ ತುಂಡು ಹೋಗಿ ಅದರ ಜಾಗ ಖಾಲಿಯಾಗಿ ಉಳಿಯುತ್ತದೆ. ‘ರಿಪಲ್ ಡಿಲೀಟ್’ ಎಂದರೆ ಮುಂದಿನ ತುಂಡು ಸರಿದು ಬಂದು ಆ ಜಾಗವನ್ನು ಮುಚ್ಚುತ್ತದೆ. ಮೊದಲನೆಯದರಿಂದ ಕಾಲದ ಲೆಕ್ಕ ಕೆಡದು. ಎರಡನೆಯದರಿಂದ 2 ಸೆಕೆಂಡು 1.5 ಸೆಕೆಂಡಾಗುತ್ತದೆ, ವೇಗೋತ್ಕರ್ಷವು ಸುಮಾರು 17.5ಕ್ಕೆ ಏರುತ್ತದೆ! ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಉಳಿದ ಚಿತ್ರಗಳು ಒಂದನ್ನೊಂದು ಹೋಲುವುದರಿಂದ ಬೆಸುಗೆಯ ಗುರುತೂ ಸುಲಭವಾಗಿ ಕಣ್ಣಿಗೆ ಬೀಳದು.

ಇಲ್ಲಿ ಯಂತ್ರವು ಆಜ್ಞೆಯನ್ನು ಮೀರಲಿಲ್ಲ ಎಂಬುದನ್ನು ಗಮನಿಸಬೇಕು. ಯಂತ್ರಗಳು ಇನ್ನೂ ಚುರುಕಾದರೆ ಈ ದೋಷ ತಾನಾಗಿಯೇ ನಿವಾರಣೆಯಾಗುವುದೆಂದು ಕೆಲವರು ವಾದಿಸುತ್ತಾರೆ. ನಾವು ಇದನ್ನು ಪೂರ್ಣವಾಗಿ ಒಪ್ಪಲಾರೆವು. ಯಾವುದು ವ್ಯರ್ಥ, ಯಾವುದು ಸಾರ್ಥಕ ಎಂಬುದು ಚಿತ್ರದಲ್ಲಿ ಬರೆದಿರುವುದಿಲ್ಲ. ಅದು ನಮ್ಮ ಉದ್ದೇಶವನ್ನು ಅವಲಂಬಿಸಿದೆ. ಮನೋರಂಜನೆಗೆ ಬೇಡವಾದ ಚಿತ್ರವೇ ಮಾಪನಕ್ಕೆ ಆಧಾರವಾಗಬಹುದು. ಸಂದರ್ಶನದಲ್ಲಿ ಉತ್ತರಿಸುವ ಮುನ್ನ ಒಬ್ಬನು ಸುಮ್ಮನಿದ್ದ ಗಳಿಗೆಯೂ ಅವನ ಉತ್ತರದ ಒಂದು ಭಾಗವೇ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ತಂತ್ರಾಂಶಗಳನ್ನು ರಚಿಸುವವರು ಪ್ರತಿಯೊಂದು ಆಜ್ಞೆಯನ್ನೂ ಹೆಸರಿನಿಂದ ಕರೆಯಲು ಬರುವಂತೆ ತೆರೆದಿಟ್ಟು, ಅದರ ಪರಿಣಾಮವನ್ನು ಸ್ಪಷ್ಟವಾಗಿ ಬರೆದಿಡಬೇಕು. ಏಜೆಂಟು ಮೂಲ ವಿಡಿಯೋವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ, ತಾನು ನಡೆಸಿದ ಆಜ್ಞೆಗಳನ್ನು ಕ್ರಮವಾಗಿ ದಾಖಲಿಸಬೇಕು. ಯಾವುದನ್ನು ತೆಗೆಯಬಹುದೆಂಬ ತೀರ್ಮಾನವು ಮಾತ್ರ ಮೂಲವನ್ನು ಆದ್ಯಂತವಾಗಿ ನೋಡಿದ ಮನುಷ್ಯನದಾಗಿರಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ಏಜೆಂಟಿಗೆ ಕೆಲಸ ಒಪ್ಪಿಸುವ ಮೊದಲು ಒಂದು ಸಣ್ಣ ವಿಡಿಯೋವನ್ನು ನಿಮ್ಮ ಕೈಯಿಂದಲೇ ಸಂಕಲಿಸಿರಿ. ‘ಕ್ಲಿಯರ್’ ಮತ್ತು ‘ರಿಪಲ್ ಡಿಲೀಟ್’ಗಳ ಅಂತರವನ್ನು ಅರಿತವನು ಮಾತ್ರವೇ ಯಂತ್ರಕ್ಕೆ ಸರಿಯಾದ ಆಜ್ಞೆಯನ್ನು ಕೊಡಬಲ್ಲನು, ಅದು ತಪ್ಪಿದಾಗ ತಡೆಯಲೂ ಬಲ್ಲನು.