ಬೀಗದಕೈ ಬೇಡ, ನೀರು ಬಿಡಿ

ಗ್ಲಾಸ್ಗೋ ನಗರದ ದಕ್ಷಿಣಕ್ಕೆ ಗೋವನ್‌ಹಿಲ್ ಎಂಬ ಬಡಾವಣೆಯಿದೆ. ಅಲ್ಲಿನ ಕಾಲ್ಡರ್ ಬೀದಿಯ ಸಾರ್ವಜನಿಕ ಈಜುಕೊಳವನ್ನು ಮುಚ್ಚುವುದಾಗಿ ನಗರಪಾಲಿಕೆ 2001ರ ಆರಂಭದಲ್ಲಿ ಪ್ರಕಟಿಸಿತು. ಆ ವರ್ಷ ಮಾರ್ಚ್ 21ರಂದು ಸ್ಥಳೀಯರು ಕಟ್ಟಡದೊಳಗೆ ಹೋಗಿ ಕುಳಿತರು, ಹೊರಗೆ ಬರಲು ಒಪ್ಪಲಿಲ್ಲ. ಬೀದಿಯಲ್ಲಿ ಹಗಲೂ ರಾತ್ರಿಯೂ ಕಾವಲು ನಿಂತವರು ಬೇರೆ. ಒಟ್ಟಾಗಿಯೇ ಈಜುತ್ತೇವೆ ಎಂಬ ಅರ್ಥದ ಘೋಷಣೆ ಗೋಡೆಗೋಡೆಗೂ ಹತ್ತಿತು. ನಾಲ್ಕೂವರೆ ತಿಂಗಳು ಹೀಗೇ ನಡೆಯಿತು. ಆಗಸ್ಟ್ 7ರಂದು ಕುದುರೆ ಪೊಲೀಸರನ್ನೂ ಕರೆಸಿಕೊಂಡು ಅವರನ್ನು ಅಲ್ಲಿಂದ ಎಬ್ಬಿಸಲಾಯಿತು.

ಮುಂದಿನ ಕಥೆಯನ್ನು ಬ್ರಿಟನ್ನಿನಲ್ಲಿ ಜನಶಕ್ತಿಯ ಗೆಲುವೆಂದು ಹೇಳುವ ರೂಢಿಯಿದೆ. ಹೋರಾಟ ಮಾಡಿದವರು ಚದುರಿಹೋಗದೆ ಟ್ರಸ್ಟ್ ಕಟ್ಟಿದರು, ಹಣ ಕೂಡಿಸಿದರು, 2012ರಲ್ಲಿ ಕಟ್ಟಡದ ಮುಂಭಾಗವನ್ನು ದುರಸ್ತಿ ಮಾಡಿ ತೆರೆದರು, ನಾಟಕ, ಪ್ರದರ್ಶನ, ಕಸುಬಿನ ತರಬೇತಿ ನಡೆಸಿದರು. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ 2021 ಬಂದರೂ ಅಲ್ಲಿ ದಿನನಿತ್ಯದ ಈಜು ಮರಳಿರಲಿಲ್ಲ. ಕೊಳ ಮುಚ್ಚಿದಾಗ ಐದು ವರ್ಷದವಳಾಗಿದ್ದ ಹುಡುಗಿಗೆ ಆ ಹೊತ್ತಿಗೆ ಇಪ್ಪತ್ತೈದು. ಒಂದು ಇಡೀ ತಲೆಮಾರು ತನ್ನ ಬೀದಿಯ ಕೊಳದಲ್ಲಿ ಈಜು ಕಲಿಯದೆ ಬೆಳೆಯಿತು. ಇದನ್ನು ಗೆಲುವು ಎನ್ನಲು ನನ್ನಿಂದ ಆಗದು. ಸರ್ಕಾರ ಮಾಡಬೇಕಾದ ಕೆಲಸವನ್ನು ಬಡಾವಣೆಯ ಜನರ ಹೆಗಲಿಗೆ ದಾಟಿಸಿ, ಅವರು ಇಪ್ಪತ್ತು ವರ್ಷ ಏದುಸಿರು ಬಿಡುತ್ತಾ ಅದನ್ನು ಎಳೆದದ್ದಕ್ಕೆ ಚಪ್ಪಾಳೆ ತಟ್ಟುವುದು ಅನ್ಯಾಯ.

ಈ ಕಟ್ಟಡ ಯಾತಕ್ಕಾಗಿ ಹುಟ್ಟಿತು ಎಂಬುದನ್ನು ನೋಡಬೇಕು. 1914ರಲ್ಲಿ ಅಡಿಗಲ್ಲು ಬಿತ್ತು. ಮೊದಲ ಮಹಾಯುದ್ಧದ ನಡುವೆಯೇ, 1917ರಲ್ಲಿ, ಬಾಗಿಲು ತೆರೆಯಿತು. ಗೋವನ್‌ಹಿಲ್‌ನ ದುಡಿಯುವ ಜನ ಇದ್ದದ್ದು ಕಲ್ಲಿನ ದೊಡ್ಡ ವಠಾರಗಳಲ್ಲಿ, ಒಂದೋ ಎರಡೋ ಕೋಣೆಯ ಮನೆಗಳಲ್ಲಿ. ಬಹುತೇಕ ಮನೆಗಳಿಗೆ ಬಚ್ಚಲೇ ಇರಲಿಲ್ಲ. ಆದ್ದರಿಂದ ಪಾಲಿಕೆ ಗಂಡಸರಿಗೊಂದು, ಹೆಂಗಸರಿಗೊಂದು, ಕಲಿಯುವ ಮಕ್ಕಳಿಗೊಂದು ಎಂದು ಮೂರು ಕೊಳ ಕಟ್ಟಿತು. ಜೊತೆಗೆ ಸಾಲುಸಾಲು ಸ್ನಾನದ ತೊಟ್ಟಿಗಳು, ಬಟ್ಟೆ ಒಗೆಯುವ ಮನೆ. ಅಂದಿನ ಬ್ರಿಟನ್ನಿನ ಇಂಥ ಸ್ನಾನದ ಮನೆಗಳಲ್ಲಿ ಪ್ರತಿ ತೊಟ್ಟಿಗೂ ಒಂದು ಚಿಕ್ಕ ಕೋಣೆ, ಕೋಣೆಗೊಂದು ನಂಬರು. ನೀರಿನ ನಲ್ಲಿಯ ಹಿಡಿತ ಮಾತ್ರ ಹೊರಗೆ, ನೌಕರನ ಕೈಯಲ್ಲಿ. ಒಳಗಿದ್ದವರು ನಂಬರು ಕೂಗಿ ಇನ್ನಷ್ಟು ಬಿಸಿನೀರು ಕೇಳಬೇಕು, ಆತ ಹೊರಗಿನಿಂದ ತಿರುಗಿಸಬೇಕು. ವಾರವಿಡೀ ಕಾರ್ಖಾನೆಯಲ್ಲಿ ದುಡಿದವನು ಕುತ್ತಿಗೆವರೆಗೆ ಬಿಸಿನೀರಲ್ಲಿ ಮುಳುಗಿ ಕೂರುವುದು ಎಂದರೆ ಅವನ ಪಾಲಿಗೆ ಮನುಷ್ಯನಾಗಿ ಇರುವ ಹಕ್ಕು. ಆ ಬಿಸಿನೀರಿಗೆ ಕಲ್ಲಿದ್ದಲು ಸುಟ್ಟದ್ದು, ಆ ನೌಕರನಿಗೆ ಸಂಬಳ ಕೊಟ್ಟದ್ದು ಪಾಲಿಕೆ.

ಪಾಲಿಕೆಗಳು ಈ ಜವಾಬ್ದಾರಿಯನ್ನು ತಾವಾಗಿ ಹೊತ್ತುಕೊಂಡಿರಲಿಲ್ಲ. 1832ರಲ್ಲಿ ಲಿವರ್‌ಪೂಲ್‌ಗೆ ಕಾಲರಾ ಬಂದಾಗ, ಐರ್ಲೆಂಡಿನಿಂದ ವಲಸೆ ಬಂದಿದ್ದ ಕಿಟ್ಟಿ ವಿಲ್ಕಿನ್ಸನ್ ಎಂಬ ಬಡ ಹೆಂಗಸು ತನ್ನ ಮನೆಯ ನೀರು ಕಾಯಿಸುವ ಹಂಡೆಯನ್ನು ನೆರೆಹೊರೆಗೆ ಬಿಟ್ಟುಕೊಟ್ಟಳು. ರೋಗಿಗಳ ಹಾಸಿಗೆ ಬಟ್ಟೆ ಅಲ್ಲಿ ಕುದಿಸಿ ತೊಳೆದರು. ಹತ್ತು ವರ್ಷದ ನಂತರ, 1842ರಲ್ಲಿ, ಊರಿನ ಆಡಳಿತ ಫ್ರೆಡರಿಕ್ ಬೀದಿಯಲ್ಲಿ ಸಾರ್ವಜನಿಕ ಸ್ನಾನದ ಮನೆ, ಒಗೆಯುವ ಮನೆ ತೆರೆಯಿತು. 1846ರಲ್ಲಿ ಕಾಯ್ದೆ ಬಂತು; ಸಾರ್ವಜನಿಕ ಹಣದಲ್ಲಿ ಇಂಥವನ್ನು ಕಟ್ಟಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಸಿಕ್ಕಿತು. ಅದೇ ವರ್ಷ ಕಿಟ್ಟಿ ಮತ್ತು ಅವಳ ಗಂಡನನ್ನು ಫ್ರೆಡರಿಕ್ ಬೀದಿಯ ಉಸ್ತುವಾರಿಗೆ ನೇಮಿಸಿದರು. ಒಬ್ಬ ಹೆಂಗಸಿನ ಕರುಣೆಯನ್ನು ಊರಿನ ಕರ್ತವ್ಯವಾಗಿಸಲು ಒಂದು ಸಮಾಜ ಪಟ್ಟ ಪಾಡು ಇದು. ಇವತ್ತು ಗೋವನ್‌ಹಿಲ್‌ನಂಥ ಕಡೆ ಚಕ್ರ ಹಿಂದಕ್ಕೆ ತಿರುಗಿದೆ. ಊರಿನ ಕರ್ತವ್ಯ ಮತ್ತೆ ಯಾರೋ ಒಳ್ಳೆಯವರ ಕರುಣೆಯ ಮೇಲೆ ನಿಲ್ಲುವಂತಾಗಿದೆ.

ಮುಚ್ಚುವವರ ವಾದಗಳು ಎಲ್ಲ ಕಡೆ ಒಂದೇ. ಕಟ್ಟಡ ಹಳೆಯದು, ಖರ್ಚು ಹೆಚ್ಚು, ಪಕ್ಕದಲ್ಲೇ ಹೊಸದೊಂದಿದೆ. ಗೋವನ್‌ಹಿಲ್‌ನವರಿಗೆ ತೋರಿಸಿದ್ದು ನೆರೆಯ ಗಾರ್ಬಲ್ಸ್ ಬಡಾವಣೆಯ ಹೊಸ ಕ್ರೀಡಾ ಕೇಂದ್ರವನ್ನು. ನಕಾಶೆಯಲ್ಲಿ ಅದು ಹತ್ತಿರವೇ. ಕೈಯಲ್ಲೊಂದು, ಸೊಂಟದಲ್ಲೊಂದು ಮಗು ಇಟ್ಟುಕೊಂಡು, ಗ್ಲಾಸ್ಗೋದ ಮಳೆಯಲ್ಲಿ ಬಸ್ಸಿಗೆ ಕಾದು, ಎಲ್ಲರಿಗೂ ಟಿಕೆಟ್ ತೆತ್ತು ಹೋಗಬೇಕಾದ ತಾಯಿಗೆ ಅದು ಹತ್ತಿರವಲ್ಲ. ಗೋವನ್‌ಹಿಲ್ ವಲಸಿಗರ ಬಡಾವಣೆ. ಐರಿಷರು ಬಂದರು, ಯಹೂದ್ಯರು ಬಂದರು, ಪಾಕಿಸ್ತಾನ ಮತ್ತು ಭಾರತದ ಕುಟುಂಬಗಳು ಬಂದವು, ಇತ್ತೀಚೆಗೆ ಪೂರ್ವ ಯುರೋಪಿನ ರೋಮಾ ಜನ. ಹೆಂಗಸರಿಗೆಂದೇ ಪ್ರತ್ಯೇಕ ಕೊಳವಿದ್ದ ಹಳೆಯ ಕಟ್ಟಡ, ಗಂಡಸರ ಎದುರು ನೀರಿಗಿಳಿಯಲು ಒಪ್ಪದ ಏಷ್ಯಾ ಮೂಲದ ಹೆಂಗಸರಿಗೆ ತೆರೆದಿದ್ದ ಬಾಗಿಲು. ಮುಚ್ಚುವುದರ ವಿರುದ್ಧ ನಿಂತವರಲ್ಲಿ ಅವರೂ ಇದ್ದರು. ಅವರ ಪಾಲಿಗೆ ಆ ಕೊಳ ಹೋದರೆ ಈಜೇ ಹೋದಂತೆ.

ಖರ್ಚಿನ ಮಾತಿಗೆ ಬರುತ್ತೇನೆ. ಈಜುಕೊಳ ದುಬಾರಿ, ನಿಜ. ಒಬ್ಬರು ಈಜಲಿ, ನೂರು ಜನ ಈಜಲಿ, ನೀರು ಅಷ್ಟೇ ಬೆಚ್ಚಗಿರಬೇಕು, ಸೋಸುವ ಯಂತ್ರ ಓಡುತ್ತಲೇ ಇರಬೇಕು, ಕ್ಲೋರಿನ್ ಬೀಳುತ್ತಲೇ ಇರಬೇಕು, ಒಳಗಿನ ತೇವದ ಗಾಳಿಯನ್ನು ಹೊರಗೆ ಹಾಕುತ್ತಿರಬೇಕು, ದಡದಲ್ಲಿ ಜೀವರಕ್ಷಕ ನಿಂತಿರಬೇಕು. ಪ್ರವೇಶ ಶುಲ್ಕದಿಂದ ಇದೆಲ್ಲ ಗಿಟ್ಟುವುದಿಲ್ಲ. ಗ್ರಂಥಾಲಯದಿಂದಲೂ ಉದ್ಯಾನದಿಂದಲೂ ಗಿಟ್ಟುವುದಿಲ್ಲ. ನಷ್ಟ ಎಂಬ ಪದವನ್ನು ಇಂಥ ಕಡೆ ಬಳಸುವವರು ತೆರಿಗೆ ಇರುವುದೇ ಇಂಥದ್ದಕ್ಕೆ ಎಂಬುದನ್ನು ಮರೆಸುತ್ತಾರೆ.

ಮುಚ್ಚಿದ ಕೊಳ ಖರ್ಚು ಉಳಿಸುತ್ತದೆ ಎಂಬುದೂ ಪೂರ್ತಿ ಸತ್ಯವಲ್ಲ. ನೀರು ಖಾಲಿ ಮಾಡಿದ ತೊಟ್ಟಿ ಸುಮ್ಮನೆ ಬಿದ್ದಿರುವುದಿಲ್ಲ. ಒಳಗಿನ ನೀರಿನ ಭಾರಕ್ಕೆ ಒಗ್ಗಿದ್ದ ಗೋಡೆಗಳ ಮೇಲೆ ಹೊರಗಿನ ಮಣ್ಣು, ಅಂತರ್ಜಲ ಒತ್ತಡ ಹಾಕುತ್ತವೆ. ಬಿಸಿ ನಿಂತ ಕಟ್ಟಡದಲ್ಲಿ ತಂಡಿ ಏರುತ್ತದೆ, ಮರ ಕೊಳೆಯುತ್ತದೆ, ಹೆಂಚಿನ ಬಿಲ್ಲೆಗಳು ಕಳಚುತ್ತವೆ, ಚಾವಣಿಯಲ್ಲಿ ಒಂದು ಕಡೆ ಸೋರಿದ್ದು ಹತ್ತು ಕಡೆ ಸೋರುತ್ತದೆ. ಕೆಲ ವರ್ಷ ಬಿಟ್ಟು ಅಂದಾಜುಪಟ್ಟಿ ತಯಾರಾದಾಗ ದುರಸ್ತಿಯ ಮೊತ್ತ ಹಲವು ಪಟ್ಟು ಬೆಳೆದಿರುತ್ತದೆ. ನೋಡಿ, ಇಷ್ಟು ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬರುತ್ತದೆ. ಆ ಮೊತ್ತವನ್ನು ಬೆಳೆಸಿದ್ದು ಮುಚ್ಚಿದ ನಿರ್ಧಾರವೇ. ಅದರ ಬಿಲ್ಲನ್ನು ನಿರ್ಧಾರ ಮಾಡಿದವರಿಗೆ ಕೊಡಬೇಕು. ಕೊಡುತ್ತಿರುವುದು ಅದನ್ನು ವಿರೋಧಿಸಿದವರಿಗೆ.

ಮನಸ್ಸು ಮಾಡಿದರೆ ಪಾಲಿಕೆಗೆ ಸಾಧ್ಯ ಎಂಬುದಕ್ಕೆ ಲಂಡನ್ನಿನಲ್ಲೇ ಸಾಕ್ಷಿಯಿದೆ. ಹ್ಯಾಕ್ನಿ ಪ್ರದೇಶದ ಲಂಡನ್ ಫೀಲ್ಡ್ಸ್ ಉದ್ಯಾನದ ಬಯಲು ಈಜುಕೊಳ 1932ರದ್ದು. 1988ರಲ್ಲಿ ಮುಚ್ಚಿತು. ಅದನ್ನು ಕೆಡವಲು ಹೊರಟಾಗ ಜನ ಅಡ್ಡ ನಿಂತರು, ಕಳೆ ಕಿತ್ತರು, ವರ್ಷಗಟ್ಟಲೆ ಅರ್ಜಿ ಹಾಕಿದರು. 2006ರಲ್ಲಿ ಹ್ಯಾಕ್ನಿಯ ಆಡಳಿತ ಅದನ್ನು ಬೆಚ್ಚಗಿನ ನೀರಿನ ಕೊಳವಾಗಿ ಮತ್ತೆ ತೆರೆಯಿತು. ಇಂದು ಚಳಿಗಾಲದಲ್ಲೂ ಅಲ್ಲಿ ಜನ ಈಜುತ್ತಾರೆ. ಹೋರಾಟ ಜನರದ್ದು, ಕೊಳ ತೆರೆಯುವ ಹೊಣೆ ಆಡಳಿತದ್ದು. ಹದಿನೆಂಟು ವರ್ಷ ತಡವಾದರೂ ಕೆಲಸ ಸರಿಯಾದ ಕೈಯಲ್ಲೇ ಮುಗಿಯಿತು.

ಮ್ಯಾಂಚೆಸ್ಟರಿನ ವಿಕ್ಟೋರಿಯಾ ಬಾತ್ಸ್‌ನದು ಬೇರೆಯೇ ಕಥೆ, ನನ್ನನ್ನು ಹೆಚ್ಚು ಕಾಡುವುದು ಅದು. 1906ರ ಕಟ್ಟಡ, ಬಣ್ಣದ ಗಾಜು, ಹೊಳೆಯುವ ಹಸಿರು ಬಿಲ್ಲೆಗಳು. 1993ರಲ್ಲಿ ಮುಚ್ಚಿದರು. ಹತ್ತು ವರ್ಷದ ನಂತರ ಬಿಬಿಸಿ ಒಂದು ಸ್ಪರ್ಧೆ ನಡೆಸಿತು. ಪಾಳುಬಿದ್ದ ಮೂವತ್ತು ಪಾರಂಪರಿಕ ಕಟ್ಟಡಗಳನ್ನು ಟಿವಿಯಲ್ಲಿ ತೋರಿಸಿ, ವೀಕ್ಷಕರು ಫೋನಿನಲ್ಲಿ ಮತ ಹಾಕಿ, ಗೆದ್ದ ಒಂದಕ್ಕೆ ದುರಸ್ತಿಯ ಹಣ. ವಿಕ್ಟೋರಿಯಾ ಬಾತ್ಸ್ ಗೆದ್ದಿತು. ಉಳಿದ ಇಪ್ಪತ್ತೊಂಬತ್ತರ ಸುತ್ತಲೂ ಹೋರಾಡುತ್ತಿದ್ದ ಜನರಿಗೆ ಏನು ಹೇಳುವುದು? ಅಗತ್ಯ ಯಾರದ್ದು ದೊಡ್ಡದು ಎಂದು ಕೇಳದೆ, ಯಾರ ಗೋಡೆ ಚೆಂದ ಎಂದು ಕೇಳುವ ಪದ್ಧತಿಯಿದು. ಹಣದ ಬಹುಪಾಲು ಬಂದದ್ದಾದರೂ ಪಾರಂಪರಿಕ ಲಾಟರಿ ನಿಧಿಯಿಂದ. ಲಾಟರಿ ಟಿಕೆಟ್ ಕೊಳ್ಳುವವರಲ್ಲಿ ಬಡವರೂ ಇದ್ದಾರೆ; ತೆರಿಗೆಯನ್ನೂ ಕಟ್ಟಿ, ಲಾಟರಿಯಲ್ಲೂ ಕಳೆದು, ತಮ್ಮದೇ ಕೊಳವನ್ನು ಎರಡನೇ ಸಲ ಕೊಂಡುಕೊಳ್ಳಬೇಕಾಗಿದೆ. ಅಷ್ಟಾದರೂ ಅಲ್ಲಿ ಈಜು ಮೊದಲಿನಂತೆ ನಿತ್ಯದ್ದಾಗಿ ಮರಳಿಲ್ಲ.

ನನ್ನ ವಾದಕ್ಕೆ ಬಲವಾದ ಎದುರುವಾದ ಬರ್ಮಿಂಗ್ಹ್ಯಾಮಿನಿಂದ ಬರುತ್ತದೆ. ಅಲ್ಲಿನ ಮೋಸ್ಲಿ ರೋಡ್ ಬಾತ್ಸ್ 1907ರದ್ದು. ಪಾಲಿಕೆ ಕೈಬಿಡಲು ಸಿದ್ಧವಾದಾಗ ಜನರೇ ಸಂಸ್ಥೆ ಕಟ್ಟಿ 2018ರಲ್ಲಿ ಈಜು ನಡೆಸುವ ಹೊಣೆ ಹೊತ್ತರು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್ಹ್ಯಾಮ್ ಪಾಲಿಕೆ ಆಯವ್ಯಯ ಸರಿದೂಗಿಸಲಾಗದೆ ದಿವಾಳಿಗೆ ಸಮನಾದ ಘೋಷಣೆ ಮಾಡಿತು. ಕೊಳ ಪಾಲಿಕೆಯ ಕೈಯಲ್ಲೇ ಇದ್ದಿದ್ದರೆ ಅದೂ ಮುಳುಗುತ್ತಿತ್ತಲ್ಲವೇ ಎಂದು ಕೇಳುತ್ತಾರೆ. ಬಹುಶಃ ಹೌದು. ನೀರು ಉಳಿಸಿಕೊಂಡ ಆ ಜನರನ್ನು ನಾನು ದೂರುವುದಿಲ್ಲ; ಮನೆಗೆ ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಬಿಂದಿಗೆ ಹಿಡಿದು ಓಡಿದವರು ಅವರು. ಆದರೆ ಆ ಊರಿನ ಬೊಕ್ಕಸ ಏಕೆ ಬರಿದಾಯಿತು ಎಂದು ಕೇಳದೆ ಅಲ್ಲಿಗೇ ನಿಲ್ಲಬಾರದು. ಪಾಲಿಕೆಯ ತಪ್ಪುಗಳಿದ್ದವು. ಅದರ ಜೊತೆಗೆ 2010ರಿಂದ ಲಂಡನ್ನಿನ ಸರ್ಕಾರ ಸ್ಥಳೀಯ ಆಡಳಿತಗಳ ಅನುದಾನವನ್ನು ಕತ್ತರಿಸುತ್ತಾ ಬಂದಿತ್ತು. ಇಂಗ್ಲೆಂಡಿನ ಪಠ್ಯಕ್ರಮದ ಪ್ರಕಾರ ಪ್ರಾಥಮಿಕ ಶಾಲೆ ಮುಗಿಸುವ ಮಗು 25 ಮೀಟರ್ ಈಜಬೇಕು. ನಿಯಮ ಮಾಡುವುದು ಸರ್ಕಾರ, ಕೊಳ ನಡೆಸುವುದು ಚಂದಾ ಎತ್ತುವ ಜನ ಎಂದರೆ ಹೇಗೆ? ಹಣವಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ವಿದ್ಯುತ್, ಅನಿಲದ ದರ ಏರಿ ಇಂಗ್ಲೆಂಡಿನ ಕೊಳಗಳು ಸಾಲುಸಾಲಾಗಿ ಮುಚ್ಚುವ ಸ್ಥಿತಿಗೆ ಬಂದಾಗ, 2023ರ ಮಾರ್ಚ್ ಬಜೆಟ್ಟಿನಲ್ಲಿ 6.3 ಕೋಟಿ ಪೌಂಡು ತೆಗೆದಿಟ್ಟದ್ದು ಅದೇ ಸರ್ಕಾರ.

ಕಾರ್ನ್‌ವಾಲ್ ತೀರದ ಪೆನ್ಜಾನ್ಸ್‌ನ ಜುಬಿಲಿ ಪೂಲ್ ಅನ್ನು ಎಲ್ಲರೂ ಮಾದರಿಯಾಗಿ ತೋರಿಸುತ್ತಾರೆ. 1935ರ ಕೊಳ, 2014ರ ಫೆಬ್ರುವರಿಯ ಬಿರುಗಾಳಿಯಲ್ಲಿ ಒಡೆದುಹೋಗಿ 2016ರಲ್ಲಿ ಮತ್ತೆ ತೆರೆಯಿತು. ಊರಿನವರು ಷೇರು ಕೊಂಡು ಅದರ ಒಡೆಯರಾದರು. ಭೂಮಿಯ ಆಳದ ಶಾಖದಿಂದ ಬೆಚ್ಚಗಾಗುವ ಭಾಗವನ್ನು 2020ರಲ್ಲಿ ಸೇರಿಸಿದರು. ಸೊಗಸಾದ ಕೆಲಸ. ಆ ಬಿಸಿನೀರಿನ ಹಿಂದೆ ಯುರೋಪಿಯನ್ ಒಕ್ಕೂಟದ ನಿಧಿ ಇತ್ತೆಂಬುದನ್ನು ಮಾತ್ರ ಮಾದರಿ ಎನ್ನುವವರು ಹೇಳುವುದು ಕಡಿಮೆ. ಸಾರ್ವಜನಿಕ ಹಣವಿಲ್ಲದೆ ಈ ಗೆಲುವೂ ಆಗುತ್ತಿರಲಿಲ್ಲ.

ಷೇರು ಕೊಳ್ಳುವ ಮಾದರಿ ಎಲ್ಲ ಬಡಾವಣೆಗೂ ಒಗ್ಗುವುದೂ ಇಲ್ಲ. ನಿವೃತ್ತ ಲೆಕ್ಕಪರಿಶೋಧಕ, ವಕೀಲ, ವಾಸ್ತುಶಿಲ್ಪಿ ನೆರೆಮನೆಯಲ್ಲಿರುವ ಕಡೆ ಟ್ರಸ್ಟ್ ನಡೆಯುತ್ತದೆ. ಎರಡು ಪಾಳಿ ದುಡಿದು ಬರುವವರ ಬಡಾವಣೆಯಲ್ಲಿ ಅನುದಾನದ ನೂರು ಪುಟದ ಅರ್ಜಿ ತುಂಬುವವರು ಯಾರು? ಗೋವನ್‌ಹಿಲ್‌ನಂಥ ಕಡೆ ಕೆಲವರು ತಮ್ಮ ಬದುಕಿನ ಬಹುಭಾಗವನ್ನೇ ಇದಕ್ಕೆ ಸುರಿದರು. ಅಂಥವರು ಎಲ್ಲ ಬೀದಿಯಲ್ಲೂ ಸಿಗುವುದಿಲ್ಲ. ಸಿಗದ ಬೀದಿಯ ಮಗುವಿಗೂ ಈಜು ಬೇಕು. ಪಾಲಿಕೆ ಕೊಳ ಕೆಡಿಸಿದರೆ ಸದಸ್ಯನನ್ನು ಚುನಾವಣೆಯಲ್ಲಿ ಕೆಳಗಿಳಿಸಬಹುದು. ದಣಿದ ಟ್ರಸ್ಟಿನವರು ಕೈಚೆಲ್ಲಿದರೆ ಜನ ಯಾರ ಬಾಗಿಲು ತಟ್ಟಬೇಕು?

ನಮಗೂ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿನ ಹೆಬ್ಬಾಳ ಕೆರೆಯನ್ನು ನೋಡಿಕೊಳ್ಳಲೆಂದು ಖಾಸಗಿ ಹೋಟೆಲ್ ಸಮೂಹಕ್ಕೆ ಗುತ್ತಿಗೆ ಕೊಟ್ಟಾಗ ಪರಿಸರ ಹೋರಾಟಗಾರರು 2008ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ಸರ್ಕಾರಿ ಶಾಲೆಯನ್ನು ದತ್ತು ಕೊಡುವ ಮಾತು ಇಲ್ಲಿ ಪ್ರತಿ ವರ್ಷ ಕೇಳಿಸುತ್ತದೆ. ಹೆತ್ತವರು ಬದುಕಿರುವಾಗ ದತ್ತು ಏಕೆ ಎಂದು ನಾವೂ ಕೇಳುವುದನ್ನು ಕಲಿಯಬೇಕಿದೆ.

ಮುಚ್ಚಿದ ಕೊಳಕ್ಕಾಗಿ ಬೀದಿಗಿಳಿಯುವವರು ಬೀಗದಕೈ ಕೇಳಬಾರದು. ಜೀವರಕ್ಷಕರು, ಸ್ವಚ್ಛತೆಯವರು, ಯಂತ್ರ ನೋಡಿಕೊಳ್ಳುವವರು ಪಾಲಿಕೆಯ ಸಂಬಳಪಟ್ಟಿಯಲ್ಲೇ ಇರಲಿ ಎಂದು ಕೇಳಬೇಕು. ಮುಚ್ಚಿದ ಅವಧಿಯಲ್ಲಿ ಕಟ್ಟಡಕ್ಕಾದ ಹಾನಿಯ ದುರಸ್ತಿ, ಮುಚ್ಚಿದವರ ಖಾತೆಯಿಂದಲೇ ಆಗಲಿ ಎಂದು ಬರೆಸಿಕೊಳ್ಳಬೇಕು. ಹೆಂಗಸರ ಸಮಯ, ಮಕ್ಕಳ ತರಗತಿ, ಶುಲ್ಕದ ಮಿತಿ ಇವನ್ನು ತೀರ್ಮಾನಿಸುವ ಸಮಿತಿಯಲ್ಲಿ ಬಡಾವಣೆಯ ಜನ ಕೂರಲಿ. ಅವರ ಕೆಲಸ ಅಲ್ಲಿಗೆ ಮುಗಿಯಲಿ. ಚಂದಾ ಪುಸ್ತಕ ಹಿಡಿದು ಮನೆಮನೆ ಸುತ್ತುವುದು ಅವರ ಕೆಲಸವಲ್ಲ. ಗೋವನ್‌ಹಿಲ್ ಕೊಳದ ಬಿಸಿನೀರು, ಕ್ಲೋರಿನ್, ಸಂಬಳದ ಖರ್ಚನ್ನು ಗ್ಲಾಸ್ಗೋ ಪಾಲಿಕೆ ತನ್ನ ವಾರ್ಷಿಕ ಬಜೆಟ್ಟಿನಲ್ಲಿ, ರಸ್ತೆ ದೀಪದ ಖರ್ಚಿನ ಪಕ್ಕದಲ್ಲಿ, ಪ್ರತಿ ವರ್ಷವೂ ಸೇರಿಸಬೇಕು.