ಬ್ಯೂರೆಟ್ ಹಿಡಿಯದೆ ಎಂಎಸ್ಸಿ ಬೇಡ



ಪದವಿಯಲ್ಲಿ ಯಾವ ವಿಷಯ ಓದಿದ್ದರೂ ಸರಿ, ಪ್ರವೇಶ ಪರೀಕ್ಷೆ ಪಾಸಾದರೆ ಯಾವ ವಿಷಯದಲ್ಲಿ ಬೇಕಾದರೂ ಸ್ನಾತಕೋತ್ತರ ಪದವಿಗೆ ಸೇರಬಹುದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024ರ ಜೂನ್‌ನಲ್ಲಿ ಪ್ರಕಟಿಸಿದ ಪಠ್ಯಕ್ರಮ ಚೌಕಟ್ಟಿನಲ್ಲಿ ಹೇಳಿತು. ಅದೇ ವರ್ಷದ ಡಿಸೆಂಬರ್‌ನ ಕರಡು ನಿಯಮಾವಳಿಯಲ್ಲೂ ಇದೇ ಮಾತು ಬಂತು. ಈ ಲೆಕ್ಕದಲ್ಲಿ ಬಿ.ಕಾಂ. ಮುಗಿಸಿದ ಹುಡುಗನೊಬ್ಬ ಪದವಿಯ ಮೊದಲ ವರ್ಷದ ರಸಾಯನಶಾಸ್ತ್ರವನ್ನೂ ಕಲಿಯದೆ ನೇರ ಎಂಎಸ್ಸಿ ತರಗತಿಗೆ ಹೋಗಿ ಕೂರಬಹುದು. ಪದವಿ ಕಾಲೇಜಿನಲ್ಲಿ ಅದೇ ವಿಷಯ ಕಲಿಸಿ ನಿವೃತ್ತನಾದ ನನಗೆ ಇದನ್ನು ಸುಮ್ಮನೆ ಒಪ್ಪಿಕೊಳ್ಳಲು ಆಗುತ್ತಿಲ್ಲ.

ವಿಷಯ ಬದಲಿಸುವುದೇ ತಪ್ಪು ಎಂಬ ವಾದ ನನ್ನದಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಹತ್ತಿರದ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆಯೋ, ಯಾವುದರ ಫೀಸು ಮನೆಗೆ ಎಟುಕುತ್ತದೋ ಅದಕ್ಕೆ ಸೇರುವುದನ್ನು ನಮ್ಮ ಮದ್ದೂರು, ಮಳವಳ್ಳಿ ಕಡೆ ವರ್ಷವರ್ಷವೂ ನೋಡುತ್ತೇವೆ. ಹದಿನಾರನೇ ವಯಸ್ಸಿನಲ್ಲಿ ಬೇರೆ ಯಾರೋ ಮಾಡಿದ ಆಯ್ಕೆಗೆ ಮಗು ಜೀವಮಾನವಿಡೀ ದಂಡ ತೆರಬಾರದು. ಎರಡನೇ ಅವಕಾಶ ಬೇಕೇ ಬೇಕು. ಆದರೆ ಕೊಡುವ ಅವಕಾಶ ಗಟ್ಟಿಯಾಗಿರಬೇಕು.

ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಸಿಯುಇಟಿ ಪಿಜಿ ಪರೀಕ್ಷೆಯನ್ನೇ ನೋಡಿ. 2025ರಲ್ಲಿ 90 ನಿಮಿಷ, 75 ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಚುರುಕು ಹುಡುಗರು ಆರು ತಿಂಗಳು ಕೋಚಿಂಗ್ ತೆಗೆದುಕೊಂಡರೆ ಇದನ್ನು ದಾಟುತ್ತಾರೆ. ಆದರೆ ಯುಜಿಸಿಯ ಲೆಕ್ಕದಲ್ಲೇ ಪದವಿಯ ಪ್ರಾಯೋಗಿಕ ತರಗತಿಯ ಒಂದು ಕ್ರೆಡಿಟ್ ಎಂದರೆ 30 ಗಂಟೆ. ಸೆಮಿಸ್ಟರಿಗೆ ಎರಡೇ ಕ್ರೆಡಿಟ್ ಎಂದಿಟ್ಟುಕೊಂಡರೂ ಮೂರು ವರ್ಷಕ್ಕೆ ಒಂದು ವಿಷಯದಲ್ಲಿ 360 ಗಂಟೆ ಪ್ರಯೋಗಾಲಯದಲ್ಲಿ ನಿಂತು ಕಲಿತಿರಬೇಕು. ಆ 360 ಗಂಟೆಗಳ ಕೆಲಸವನ್ನು ಈ 90 ನಿಮಿಷ ಅಳೆಯುವುದು ಹೇಗೆ?

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡುವ ಟೈಟ್ರೇಷನ್ ಬಿಎಸ್ಸಿ ಹುಡುಗರಿಗೆಲ್ಲ ಗೊತ್ತು. ಆಮ್ಲವನ್ನು ಕಾಯಿಸದೆ ಶುರು ಮಾಡಿದರೆ ಮೊದಲ ಹನಿಗಳ ಬಣ್ಣ ಬೇಗ ಮಾಯವಾಗುವುದಿಲ್ಲ. ಹೊಸಬರು ಅಂತಿಮ ಬಿಂದು ಬಂದೇ ಬಿಟ್ಟಿತು ಎಂದು ನಲ್ಲಿ ಮುಚ್ಚುತ್ತಾರೆ. ಪರ್ಮಾಂಗನೇಟ್ ಕಡು ನೇರಳೆ ಬಣ್ಣದ್ದು, ಬ್ಯೂರೆಟ್‌ನಲ್ಲಿ ಅದರ ಕೆಳ ಅಂಚು ಕಾಣುವುದಿಲ್ಲ, ಹಾಗಾಗಿ ಮೇಲಂಚನ್ನು ಓದಬೇಕು. ಕಣ್ಣು ಆ ಮಟ್ಟಕ್ಕೆ ನೇರವಾಗಿರಬೇಕು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮಾತ್ರ ಸರಿ, ಇನ್ನೊಂದು ಹನಿ ಹೆಚ್ಚಾದರೆ ಅಳತೆ ಕೆಟ್ಟಿತು. ಇದನ್ನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಬಹುದು. ಕೈಗೆ ಬರುವುದು ಮಾತ್ರ ಹತ್ತಾರು ಸಲ ಕೆಡಿಸಿಕೊಂಡ ಮೇಲೆ. ಎಂಎಸ್ಸಿ ಮೊದಲ ಸೆಮಿಸ್ಟರಿನಲ್ಲಿ ಇದೆಲ್ಲ ಬರುತ್ತದೆ ಎಂದುಕೊಂಡೇ ಪಾಠ ಶುರುವಾಗುತ್ತದೆ, ಅಲ್ಲಿ ಕೂತು ಬ್ಯೂರೆಟ್ ಓದುವುದನ್ನು ಹೇಳಿಕೊಡುವ ಪುರಸೊತ್ತು ಯಾರಿಗೂ ಇಲ್ಲ. ಒಟ್ಲು ಬಿಡದೆ ನಾಟಿಗೆ ಇಳಿದರೆ ಗದ್ದೆಗೆ ಹಾಕಲು ಪೈರು ಎಲ್ಲಿಂದ ಬರಬೇಕು?

ಮಂಡ್ಯ ಜಿಲ್ಲೆಯವರಿಗೆ ಇದು ಬರೀ ಕಾಲೇಜಿನ ಮಾತಲ್ಲ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಶೇ 10.25 ಸಕ್ಕರೆ ಇಳುವರಿಗೆ ಲೆಕ್ಕ ಹಾಕಿದ್ದು. ಅದರ ಮೇಲೆ ಪ್ರತಿ 0.1 ಅಂಶಕ್ಕೂ ದರ ಏರುತ್ತದೆ. ಆ ಇಳುವರಿಯ ಅಂಕಿ ಹುಟ್ಟುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಅಲ್ಲಿ ನಿಂತು ಮಾದರಿ ತೆಗೆದು ಅಳೆಯುವವರ ಕೈಯಲ್ಲಿ. ಹಾಲಿನ ಕೊಬ್ಬಿನ ಅಂಶದ ಮೇಲೆ ರೈತನಿಗೆ ಸಿಗುವ ದರವೂ ಹಾಗೆಯೇ. ನಾಳೆ ಆ ಮೇಜಿನ ಹಿಂದೆ ಕೂರುವವರು ಸ್ನಾತಕೋತ್ತರ ಪದವಿ ಇದ್ದೂ ಅಳತೆ ತಪ್ಪುವವರಾದರೆ ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ದೊಡ್ಡವರು ವಿಷಯ ಬದಲಿಸಿಲ್ಲವೇ ಎಂದು ಕೇಳುತ್ತಾರೆ. ಬದಲಿಸಿದ್ದಾರೆ. 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಬರೋಡಾದಲ್ಲಿ ಓದಿದ್ದು ಭೌತಶಾಸ್ತ್ರ, ಅಮೆರಿಕದಲ್ಲಿ ಪಿಎಚ್‌.ಡಿ. ಮಾಡಿದ್ದೂ ಅದರಲ್ಲೇ. ಜೀವಶಾಸ್ತ್ರದ ಕಡೆ ಮನಸ್ಸು ಹೊರಳಿದಾಗ ಡಾಕ್ಟರೇಟ್ ಪಡೆದಿದ್ದ ಮನುಷ್ಯ ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸೇರಿ, ತಳಿಶಾಸ್ತ್ರ, ಜೀವರಸಾಯನಶಾಸ್ತ್ರಗಳ ಪದವಿ ಮಟ್ಟದ ತರಗತಿಗಳಲ್ಲಿ ಹುಡುಗರ ಜೊತೆ ಕೂತರು. ಅಷ್ಟು ಬುದ್ಧಿವಂತರೂ ಆರಂಭದ ಪಾಠವನ್ನು ಹಾರಿ ದಾಟಲಿಲ್ಲ.

ಈ ನಿಯಮದ ಲಾಭ ಯಾರಿಗೆ ಎಂಬ ಪ್ರಶ್ನೆಯೂ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಿಂದಾಗಿ ನಮ್ಮ ನಿಡಘಟ್ಟಕ್ಕೆ ಬೆಂಗಳೂರು ಈಗ ಹತ್ತಿರ. ಆದರೂ ಅಲ್ಲಿನ ಕೋಚಿಂಗ್ ಫೀಸು, ಪೇಯಿಂಗ್ ಗೆಸ್ಟ್ ಬಾಡಿಗೆ ಕಟ್ಟುವ ಶಕ್ತಿ ನಮ್ಮ ಎಷ್ಟು ಮನೆಗಳಿಗಿದೆ? ಆಯ್ಕೆ ಪೂರ್ತಿ ಪ್ರವೇಶ ಪರೀಕ್ಷೆಯ ಮೇಲೆಯೇ ನಿಂತರೆ, ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷ ಪ್ರಯೋಗಾಲಯದಲ್ಲಿ ಬೆವರು ಸುರಿಸಿ ಬಿಎಸ್ಸಿ ಮುಗಿಸಿದ ಹಳ್ಳಿಯ ಹುಡುಗಿ ಸೀಟು ಕಳೆದುಕೊಳ್ಳುತ್ತಾಳೆ, ದುಡ್ಡು ಕೊಟ್ಟು ಪ್ರಶ್ನೆ ಬಿಡಿಸಲು ಕಲಿತವರು ಅದನ್ನು ಪಡೆಯುತ್ತಾರೆ. ಆಕೆಯ ಪರವಾಗಿ ಮಾತಾಡುವವರು ನನಗೆ ಕಾಣುತ್ತಿಲ್ಲ.

ಬೇರೆ ವಿಷಯದಿಂದ ಬರುವವರಿಗೆ ಒಂದು ವರ್ಷದ ಸೇತು ಕೋರ್ಸ್ ಕಡ್ಡಾಯವಾಗಲಿ, ಅದರಲ್ಲಿ ಅರ್ಧ ಭಾಗ ಪ್ರಾಯೋಗಿಕವಿರಲಿ. ನಡೆಸುವುದು ಬಿಡುವುದನ್ನು ಆಯಾ ಸಂಸ್ಥೆಯ ಇಷ್ಟಕ್ಕೆ ಬಿಡಬಾರದು. ತಾಲ್ಲೂಕು ಕೇಂದ್ರಗಳ ಸರ್ಕಾರಿ ಪದವಿ ಕಾಲೇಜುಗಳಲ್ಲೇ, ಬಿಎಸ್ಸಿಯವರು ಕಟ್ಟುವಷ್ಟೇ ಶುಲ್ಕಕ್ಕೆ ನಡೆಯಲಿ. ಕೊನೆಯಲ್ಲಿ ಪ್ರಾಯೋಗಿಕ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಎಂಎಸ್ಸಿ ಪ್ರವೇಶ ಸಿಗಲಿ. ಇದಕ್ಕೆ ಪ್ರಯೋಗಾಲಯಗಳಿಗೆ ರಾಸಾಯನಿಕ, ಗಾಜಿನ ಸಾಮಾನು ಬೇಕು, ಕಾಯಂ ಅಧ್ಯಾಪಕರು ಬೇಕು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಇದನ್ನೂ ಹೊರಿಸಬಾರದು.

ನಮ್ಮ ರಾಜ್ಯ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಆ ಮೊದಲ ತಂಡ 2027ರಲ್ಲಿ ಎಂಎಸ್ಸಿಗೆ ಅರ್ಜಿ ಹಾಕುತ್ತದೆ. ಅಷ್ಟರೊಳಗೆ ಉನ್ನತ ಶಿಕ್ಷಣ ಇಲಾಖೆ ಮೈಸೂರು, ಬೆಂಗಳೂರು ಸೇರಿದಂತೆ ಎಲ್ಲ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳ ಅಭಿಪ್ರಾಯ ಕೇಳಿ, ಈ ಬಗ್ಗೆ ತನ್ನ ನಿಲುವನ್ನು ಲಿಖಿತವಾಗಿ ತಿಳಿಸಬೇಕೆಂದು ಒತ್ತಾಯಿಸುತ್ತೇನೆ.

— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ನಿಡಘಟ್ಟ, ಮದ್ದೂರು ತಾಲ್ಲೂಕು