ಅಜ್ಜನ ಬಂದೂಕು ಮನೆತನದ ಗೌರವ ಖರೆ, ಆದ್ರೆ ಲೈಸೆನ್ಸ್ ಯಾರ ಹೆಸರಲ್ಲಿದೆ?

ಮಂಗಸೂಳಿ: ಖಂಡೇನವಮಿ ಬಂತಂದ್ರೆ ಗಡಿಭಾಗದ ಕೆಲವು ಹಳೇ ವಾಡೆಗಳಲ್ಲಿ ಕತ್ತಿ, ಕೊಡಲಿ ಜೊತೆಗೆ ಜೋಡುನಳಿಗೆ ಬಂದೂಕಿಗೂ ಭಂಡಾರ ಹಚ್ಚಿ ಪೂಜೆ ಮಾಡ್ತಾರೆ. ‘ಇದು ಸಂಸ್ಥಾನದ ಕಾಲದ್ದು’ ಅನ್ನೋ ಹೆಮ್ಮೆ ಬೇರೆ. ಆದ್ರೆ ಕಾನೂನು ಕೇಳೋದು ಬಂದೂಕಿನ ವಯಸ್ಸಲ್ಲ, ಲೈಸೆನ್ಸ್.

ಈ ಹೆಮ್ಮೆಗೆ ಇತಿಹಾಸ ಇದೆ. ಪಕ್ಕದ ಕೊಲ್ಹಾಪುರ ಸಂಸ್ಥಾನದ ರಾಜರ್ಷಿ ಶಾಹು ಮಹಾರಾಜರು (1874–1922) 1902ರಲ್ಲೇ ಹಿಂದುಳಿದವರಿಗೆ ಶೇ. 50 ಮೀಸಲಾತಿ ಕೊಟ್ಟವರು, ಬೇಟೆಯಲ್ಲೂ ಹೆಸರುವಾಸಿ. ಅರಮನೆತನದ ಬಂದೂಕು, ಬೇಟೆಯಾಡಿದ ಪ್ರಾಣಿಗಳನ್ನು ಇಂದಿಗೂ ಕೊಲ್ಹಾಪುರದ ನ್ಯೂ ಪ್ಯಾಲೇಸ್ ಮ್ಯೂಸಿಯಂನಲ್ಲಿ ನೋಡಬಹುದು. ಅವರು ಬೇಟೆಯಾಡಿದ ದಾಜಿಪುರದ ಕಾಡು ಈಗ ರಾಧಾನಗರಿ ವನ್ಯಧಾಮ.

ಅರಸರಿಗೆ ಆಯುಧ ಮೋಜು, ಗೌರವ. ಬಡವರಿಗೆ ಹಾಗಿರಲಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಸಂಸ್ಥಾನದ ಹಲಗಲಿ ಬೇಡರು ಒಪ್ಪದೆ ದಂಗೆ ಎದ್ದು ನೇಣಿಗೇರಿದರು. ಆಯುಧ ಯಾರ ಕೈಯಲ್ಲಿರಬೇಕು ಅನ್ನೋದನ್ನ ಅಂದಿನಿಂದಲೂ ಸರ್ಕಾರವೇ ತೀರ್ಮಾನಿಸುತ್ತಿದೆ.

ಈಗಿನದು 1959ರ ಶಸ್ತ್ರಾಸ್ತ್ರ ಕಾಯ್ದೆ. 2019ರ ತಿದ್ದುಪಡಿ ನಂತರ ಸಾಮಾನ್ಯರು ಮೂರರ ಬದಲು ಎರಡೇ ಬಂದೂಕು ಇಟ್ಟುಕೊಳ್ಳಬಹುದು. ಪಿತ್ರಾರ್ಜಿತ ಅಂದ್ರೂ ಎರಡು ದಾಟುವಂತಿಲ್ಲ. ಲೈಸೆನ್ಸ್ ಅವಧಿ ಐದು ವರ್ಷ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ್ರೆ ಎರಡರಿಂದ ಐದು ವರ್ಷ ಜೈಲು, ಜೊತೆಗೆ ದಂಡ.

ಜನ ಎಡವೋದು ಎರಡು ಕಡೆ. ಒಂದು, ‘ಅಜ್ಜನ ಲೈಸೆನ್ಸ್ ಇದೆಯಲ್ಲ’ ಅನ್ನೋದು. ಹೊಲ ವಾರಸಾದಂಗ ಲೈಸೆನ್ಸ್ ವಾರಸಾಗೋದಿಲ್ಲ. ಅಜ್ಜ ತೀರಿಕೊಂಡ್ರೆ ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ಎರಡು, ‘ತುಕ್ಕು ಹಿಡಿದದ್ದು, ಯಾರು ಕೇಳ್ತಾರೆ’ ಅನ್ನೋದು. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥ ಹಳೇ ಆಯುಧಕ್ಕೆ ಮಾತ್ರ ವಿನಾಯಿತಿ. ರಿಪೇರಿಯಾಗೋ ಹಂಗಿದ್ರೆ ಅದು ಬಂದೂಕೇ.

ದಾರಿಯೂ ಇದೆ. ಬಂದೂಕನ್ನು ಹತ್ತಿರದ ಪೊಲೀಸ್ ಠಾಣೆ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿ ಹತ್ರ ಠೇವಣಿ ಇಟ್ಟು ರಸೀದಿ ಪಡೆಯಿರಿ. ಆಮೇಲೆ ಜಿಲ್ಲಾಡಳಿತಕ್ಕೆ ಅರ್ಜಿ ಹಾಕಿ. ಲೈಸೆನ್ಸ್ ಸಿಕ್ಕರೆ ವಾಪಸ್ ತರಬಹುದು. ಬೇಡವಾದ್ರೆ ಲೈಸೆನ್ಸ್ ಇದ್ದವರಿಗೆ ಮಾರಬಹುದು. ಗಡುವು ಮೀರಿದ್ರೆ ಸರ್ಕಾರಕ್ಕೆ ಜಪ್ತಿ. ಅಜ್ಜ ಇನ್ನೂ ಇದ್ದಾರಾ? 70 ವರ್ಷ ತುಂಬಿದ್ರೆ, ಇಲ್ಲವೇ ಬಂದೂಕು 25 ವರ್ಷದಿಂದ ಅವರ ಹತ್ರ ಇದ್ರೆ, ಅವರಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು.

ಮುಂದಿನ ಖಂಡೇನವಮಿಗೆ ಬಂದೂಕು ಒರೆಸೋ ಮೊದ್ಲು ಪೆಟ್ಟಿಗೆಯೊಳಗಿನ ಕಾಗದ ಒಮ್ಮೆ ತೆಗೆದು ನೋಡ್ರಿ.